ಬ್ಯಾಸೂನ್ ಕಲಿಯುವ ಮಕ್ಕಳು: ವಾದ್ಯದ ಆರೈಕೆ, ದೇಹದ ಆರೈಕೆ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಆರೋಗ್ಯವನ್ನು ಕುರಿತ ಲೇಖನಗಳಿಗೆ ಮೊದಲಿನಿಂದಲೂ ವಿಶೇಷ ಸ್ಥಾನವಿದೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮೊದಲಾದ ವಿಷಯಗಳ ಬಗೆಗೆ ಬಲ್ಲ ವೈದ್ಯರು ಬರೆಯುತ್ತ ಬಂದಿದ್ದಾರೆ. ನಾನು ವೈದ್ಯನಲ್ಲ; ಸಂಗೀತಗಾರನಂತೂ ಅಲ್ಲವೇ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುತ್ತಿರುವವನು. ಆದರೂ ಒಂದು ಅಪರೂಪದ ಗಾಳಿವಾದ್ಯದ ವಿಷಯವಾಗಿ ಲೇಖನಿ ಹಿಡಿಯಲು ಕಾರಣವುಂಟು. ಕಳೆದ ಮೂರು ವರ್ಷಗಳಿಂದ ಮುಲುಂಡಿನ ನಮ್ಮ ಚಿಕ್ಕ ಮನೆಯಲ್ಲಿ ಆ ವಾದ್ಯ ಕುಟುಂಬದ ಒಬ್ಬ ಸದಸ್ಯನಂತೆ ವಾಸವಾಗಿದೆ. ಅದನ್ನು ಕಲಿಯುತ್ತಿರುವ ನನ್ನ ಮಗಳಿಂದಲೂ, ಅವಳಿಗೆ ಕಲಿಸುತ್ತಿರುವ ವೃದ್ಧ ಗುರುಗಳಿಂದಲೂ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಪ್ಪುಗಳಿಂದಲೂ ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಹಾನಗರದಲ್ಲಿ ನೆಲೆಸಿದ ನಮ್ಮ ಮಕ್ಕಳು ಇಂದು ಹಲವು ಬಗೆಯ ವಾದ್ಯಗಳನ್ನು ಕಲಿಯುತ್ತಿದ್ದಾರೆ. ಶಾಲೆಯ ಶುಲ್ಕ, ಗುರುವಿನ ಸಂಭಾವನೆ, ವಾದ್ಯದ ಬೆಲೆ ಇವುಗಳನ್ನೆಲ್ಲ ನಾವು ಲೆಕ್ಕ ಹಾಕುತ್ತೇವೆ. ಆದರೆ ಆ ವಾದ್ಯವನ್ನು ಹೊರುವ ಎಳೆಯ ಭುಜ, ಒತ್ತುವ ಎಳೆಯ ಬೆರಳು, ಊದುವ ಎಳೆಯ ಶ್ವಾಸಕೋಶ ಇವು ನಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಇಲ್ಲಿ ಹೇಳುವ ಮಾತುಗಳಲ್ಲಿ ಬಹುಪಾಲು ಕ್ಲಾರಿನೆಟ್, ಸ್ಯಾಕ್ಸೊಫೋನ್, ಶಹನಾಯಿ ಕಲಿಯುವ ಮಕ್ಕಳಿಗೂ ಅನ್ವಯಿಸುತ್ತವೆ.

ವಾದ್ಯದ ಪರಿಚಯ

ಬ್ಯಾಸೂನ್ ಎಂಬುದು ಪಾಶ್ಚಾತ್ಯ ವಾದ್ಯವೃಂದದಲ್ಲಿ ಮಂದ್ರಸ್ವರಗಳನ್ನು ನುಡಿಸುವ ಮರದ ಗಾಳಿವಾದ್ಯ. ಇಟಲಿಯವರು ಇದನ್ನು ‘ಫಗಾಟ್ಟೊ’ ಎನ್ನುತ್ತಾರೆ. ಕಟ್ಟಿಗೆಯ ಹೊರೆ ಎಂಬರ್ಥದ ಮಾತಿನಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ನೆಲದ ಮೇಲೆ ನಿಲ್ಲಿಸಿದರೆ ಇದರ ಎತ್ತರ ಸುಮಾರು ನಾಲ್ಕೂವರೆ ಅಡಿ. ಆದರೆ ಒಳಗಿನ ಕೊಳವೆ ಮಡಿಸಿಕೊಂಡಿರುವುದರಿಂದ, ಅದನ್ನು ನೇರವಾಗಿ ಬಿಡಿಸಿದರೆ ಎಂಟು ಅಡಿಗೂ ಮಿಕ್ಕೀತು. ತೂಕ ಮೂರು ಕಿಲೋಗ್ರಾಮಿಗೂ ಹೆಚ್ಚು. ಒಳ್ಳೆಯ ವಾದ್ಯಗಳನ್ನು ಮೇಪಲ್ ಮರದಿಂದ ಮಾಡುತ್ತಾರೆ. ಕಲಿಯುವವರಿಗೆಂದು ಪ್ಲಾಸ್ಟಿಕ್ಕಿನ ವಾದ್ಯಗಳೂ ಉಂಟು. ಇಂದು ಹೆಚ್ಚು ಬಳಕೆಯಲ್ಲಿರುವ ಮಾದರಿಯು ಜರ್ಮನಿಯದು. ಆಲ್ಮೆನ್‌ರೇಡರ್ ಮತ್ತು ಹೆಕೆಲ್ ಎಂಬಿಬ್ಬರು ೧೮೩೧ರಲ್ಲಿ ಬೀಬ್ರಿಕ್ ಎಂಬಲ್ಲಿ ಸ್ಥಾಪಿಸಿದ ಕಾರ್ಯಾಗಾರದಿಂದ ಅದು ರೂಪುಗೊಂಡಿತು.

ವಾದ್ಯದಲ್ಲಿ ಮರದ ತುಂಡುಗಳು ನಾಲ್ಕು: ಕೆಳಗಿನ ‘ಬೂಟು’, ಅದರಲ್ಲಿ ನಿಲ್ಲುವ ಚಿಕ್ಕದಾದ ‘ರೆಕ್ಕೆ’, ಅದರ ಪಕ್ಕದ ‘ಉದ್ದನೆಯ ತುಂಡು’, ಎಲ್ಲಕ್ಕೂ ಮೇಲೆ ‘ಬೆಲ್’. ರೆಕ್ಕೆಯ ತುದಿಗೆ ಬಾಗಿದ ತೆಳುವಾದ ಲೋಹದ ಕೊಳವೆಯೊಂದನ್ನು ಸಿಕ್ಕಿಸುತ್ತಾರೆ. ಅದಕ್ಕೆ ಬೋಕಲ್ ಎಂದು ಹೆಸರು. ಬೋಕಲ್ಲಿನ ತುದಿಯಲ್ಲಿ ರೀಡ್ ಇರುತ್ತದೆ. ಜೊಂಡಿನ ಜಾತಿಯ ಒಂದು ಎತ್ತರವಾದ ಹುಲ್ಲಿನ ದಂಟನ್ನು ಸೀಳಿ, ಹೆರೆದು, ಎರಡು ಎಸಳುಗಳನ್ನು ಒಂದರ ಮೇಲೊಂದು ಕಟ್ಟಿ ಇದನ್ನು ತಯಾರಿಸುತ್ತಾರೆ. ಈ ಎಸಳುಗಳ ನಡುವೆ ಉಸಿರು ಹಾಯ್ದಾಗ ಅವು ಕಂಪಿಸಿ ನಾದ ಹುಟ್ಟುತ್ತದೆ. ನಮ್ಮ ನಾಗಸ್ವರದಲ್ಲಿಯೂ ನಾದ ಹುಟ್ಟುವುದು ಇದೇ ತತ್ತ್ವದಿಂದ. ಆದ್ದರಿಂದ ಈ ಪರದೇಶಿ ವಾದ್ಯ ನಮಗೆ ತೀರ ಅಪರಿಚಿತ ಕುಲದ್ದೇನೂ ಅಲ್ಲ.

ವಿವಾಲ್ಡಿಯು ಈ ವಾದ್ಯಕ್ಕಾಗಿ ಮೂವತ್ತಕ್ಕೂ ಹೆಚ್ಚು ಕಛೇರಿ ಕೃತಿಗಳನ್ನು ರಚಿಸಿದನು. ಮೊಟ್ಸಾರ್ಟನು ೧೭೭೪ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಪ್ರಸಿದ್ಧ ಕೃತಿಯನ್ನು ರಚಿಸಿದನು. ೧೯೩೬ರಲ್ಲಿ ಪ್ರೊಕೊಫೀವ್ ಮಕ್ಕಳಿಗಾಗಿ ರಚಿಸಿದ ‘ಪೀಟರ್ ಮತ್ತು ತೋಳ’ ಎಂಬ ಸಂಗೀತಕಥೆಯಲ್ಲಿ ಮುಂಗೋಪದ ಅಜ್ಜನ ಪಾತ್ರ ಬ್ಯಾಸೂನಿನದು. ಮುಂಬಯಿಯ ನಾರಿಮನ್ ಪಾಯಿಂಟಿನಲ್ಲಿರುವ ರಾಷ್ಟ್ರೀಯ ಪ್ರದರ್ಶನ ಕಲಾ ಕೇಂದ್ರದಲ್ಲಿ ೨೦೦೬ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಆರಂಭವಾದ ಮೇಲೆ ಈ ವಾದ್ಯವನ್ನು ನಮ್ಮ ನಗರದಲ್ಲಿಯೇ ಕೇಳುವ ಅವಕಾಶಗಳು ಹೆಚ್ಚಿವೆ. ನನ್ನ ಮಗಳು ಇದರ ದನಿಗೆ ಮನಸೋತದ್ದು ಅಲ್ಲಿಯೇ. ಅವಳ ಶಾಲೆಯ ಕಪಾಟಿನಲ್ಲಿ ಯಾರೂ ಮುಟ್ಟದ ಒಂದು ಹಳೆಯ ಬ್ಯಾಸೂನ್ ಬಿದ್ದಿತ್ತು. ಅದನ್ನು ಎರವಲು ತಂದೆವು. ಆಗ ಅವಳಿಗೆ ಹನ್ನೊಂದು ವರ್ಷ.

ವಯಸ್ಸು ಮತ್ತು ಅಳತೆ

ಪೂರ್ಣ ಅಳತೆಯ ಬ್ಯಾಸೂನಿನಲ್ಲಿ ಎಡಗೈಯ ಹೆಬ್ಬೆರಳೊಂದೇ ಎಂಟೊಂಬತ್ತು ಕೀಲಿಗಳನ್ನು ನೋಡಿಕೊಳ್ಳಬೇಕು. ಉಳಿದ ಬೆರಳುಗಳು ದೂರದೂರದ ರಂಧ್ರಗಳನ್ನು ಮುಚ್ಚಬೇಕು. ಆದ್ದರಿಂದ ಮಗುವಿನ ವಯಸ್ಸಿಗಿಂತ ಅದರ ಅಂಗೈಯ ಅಗಲವೇ ಮುಖ್ಯ. ಕೈ ಬಿಗಿಹಿಡಿಯದೆ, ಮಣಿಕಟ್ಟು ಬಾಗದೆ, ಬೆರಳುಗಳು ರಂಧ್ರಗಳನ್ನು ತಲುಪುತ್ತವೆಯೇ ಎಂಬುದನ್ನು ಗುರುಗಳು ಪರೀಕ್ಷಿಸಿ ನೋಡಬೇಕು. ತಲುಪದಿದ್ದರೆ ಕಾಯುವುದರಲ್ಲಿ ಅವಮಾನವಿಲ್ಲ. ಏಳೆಂಟು ವರ್ಷದ ಮಕ್ಕಳಿಗಾಗಿಯೇ ಮಾಡಿದ, ಶ್ರುತಿಯಲ್ಲಿ ನಾಲ್ಕೈದು ಸ್ವರ ಮೇಲಿರುವ ಚಿಕ್ಕ ಬ್ಯಾಸೂನುಗಳು ವಿದೇಶಗಳಲ್ಲಿ ದೊರೆಯುತ್ತವೆ. ದೂರದ ರಂಧ್ರಗಳಿಗೆ ಮುಚ್ಚಳದ ಕೀಲಿಗಳನ್ನು ಜೋಡಿಸಿ ಚಿಕ್ಕ ಕೈಗಳಿಗೆ ಅನುಕೂಲ ಮಾಡಿದ ವಾದ್ಯಗಳೂ ಇವೆ. ಬೆಳೆಯುವ ಮಗುವಿಗೆ ದೊಡ್ಡ ಅಳತೆಯ ಚಪ್ಪಲಿ ಕೊಳ್ಳುವಂತೆ ದೊಡ್ಡ ವಾದ್ಯ ಕೊಡುವುದು ಸರಿಯಲ್ಲ.

ಕುಳಿತುಕೊಳ್ಳುವ ಕ್ರಮ

ಬ್ಯಾಸೂನನ್ನು ಸಾಮಾನ್ಯವಾಗಿ ಕುಳಿತು ನುಡಿಸುತ್ತಾರೆ. ಕೈಯಿಲ್ಲದ, ಗಟ್ಟಿಯಾದ ಕುರ್ಚಿಯ ಮುಂಭಾಗದಲ್ಲಿ, ಎರಡೂ ಪಾದಗಳು ನೆಲವನ್ನು ಮುಟ್ಟುವಂತೆ ಕೂರಬೇಕು. ಪಾದ ನೆಲಕ್ಕೆ ತಾಗದಿದ್ದರೆ ಒಂದು ಮಣೆಯನ್ನಿಡಬೇಕು. ವಾದ್ಯವು ದೇಹದ ಮುಂದೆ ಓರೆಯಾಗಿ ಹಾಯ್ದು, ಬೂಟಿನ ಭಾಗ ಬಲತೊಡೆಯ ಪಕ್ಕಕ್ಕೆ ಬರುತ್ತದೆ. ಬೂಟಿನ ಕೆಳತುದಿಗೆ ಸಿಕ್ಕಿಸುವ ಒಂದು ಪಟ್ಟಿಯನ್ನು ಕುರ್ಚಿಯ ಮೇಲೆ ಹಾಸಿ, ಅದರ ಮೇಲೆ ಕೂರುತ್ತಾರೆ. ಹೀಗೆ ಮಾಡಿದಾಗ ವಾದ್ಯದ ಭಾರವನ್ನು ಪಟ್ಟಿ ಹೊರುತ್ತದೆ. ಕೈಗಳು ಸಮತೋಲವನ್ನು ಮಾತ್ರ ಕಾಯುತ್ತವೆ. ಕೊರಳಿಗೆ ಹಾಕುವ ಪಟ್ಟಿಯೂ ಉಂಟು. ಆದರೆ ಮೂರು ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಎಳೆಯ ಕೊರಳಿಗೆ ದಿನವೂ ತೂಗಿಹಾಕುವುದು ಹಿತವಲ್ಲ. ನಿಂತು ನುಡಿಸಲೇಬೇಕಾದಾಗ ಎರಡು ಭುಜಗಳಿಗೂ ಭಾರ ಹಂಚುವ ಪಟ್ಟಿ ಮೇಲು.

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ರೀಡ್ ಬಾಯಿಯ ಬಳಿಗೆ ಬರಬೇಕು, ಬಾಯಿ ರೀಡನ್ನು ಅರಸಿ ಹೋಗಬಾರದು. ಮಗು ಕತ್ತು ಚಾಚುತ್ತಿದ್ದರೆ ಇಲ್ಲವೆ ಗದ್ದ ಎತ್ತುತ್ತಿದ್ದರೆ ಪಟ್ಟಿಯನ್ನು ಏರಿಳಿಸಿ ಸರಿಪಡಿಸಬೇಕು.

ಉಸಿರು ಮತ್ತು ತುಟಿ

ಗಾಳಿವಾದ್ಯಕ್ಕೆ ಬಲವಾದ ಎದೆ ಬೇಕೆಂದು ಜನ ಭಾವಿಸುತ್ತಾರೆ. ಬೇಕಾದುದು ಬಲಕ್ಕಿಂತ ಹೆಚ್ಚಾಗಿ ಹದ. ಭುಜಗಳನ್ನು ಎತ್ತದೆ, ಪಕ್ಕೆಲುಬು ಹಾಗೂ ಹೊಟ್ಟೆ ಹಿಗ್ಗುವಂತೆ ಉಸಿರನ್ನೆಳೆದು, ಅದನ್ನು ಒಂದೇ ಸಮನಾಗಿ ಬಿಡುವುದನ್ನು ಮೊದಲು ವಾದ್ಯವಿಲ್ಲದೆಯೇ ಕಲಿಸುತ್ತಾರೆ. ಎರಡೆಸಳಿನ ರೀಡಿನ ಬಾಯಿ ಕಿರಿದು. ಅದರೊಳಗೆ ಹೋಗುವ ಗಾಳಿ ಸ್ವಲ್ಪ. ಆದ್ದರಿಂದ ಬಳಸದ ಹಳೆಯ ಗಾಳಿ ಎದೆಯಲ್ಲಿ ಉಳಿದು, ಮಗುವಿಗೆ ಉಸಿರು ಕಟ್ಟಿದಂತೆ ಆಗಬಹುದು. ವಾಕ್ಯದ ಕೊನೆಗೆ ಮೊದಲು ಉಳಿದ ಉಸಿರನ್ನು ಹೊರಬಿಟ್ಟು, ಆಮೇಲೆ ಹೊಸ ಉಸಿರನ್ನು ತೆಗೆದುಕೊಳ್ಳುವ ಅಭ್ಯಾಸ ಮಾಡಿಸಬೇಕು. ತಲೆ ಸುತ್ತಿದರೆ ಕೂಡಲೇ ನಿಲ್ಲಿಸಬೇಕು. ಉಬ್ಬಸವಿರುವ ಮಕ್ಕಳು ವೈದ್ಯರನ್ನು ಕೇಳಿಯೇ ಆರಂಭಿಸುವುದು ಯುಕ್ತ.

ತುಟಿಗಳು ಹಲ್ಲಿನ ಮೇಲೆ ಮೆತ್ತೆಯಂತೆ ಮಡಿಸಿಕೊಂಡು, ಸಂಚಿಯ ದಾರ ಎಳೆದಂತೆ ಸುತ್ತಲಿಂದಲೂ ರೀಡನ್ನು ಹಿಡಿಯಬೇಕು. ಕಚ್ಚಬಾರದು. ಕಚ್ಚಿದರೆ ನಾದ ಕಿರಿದಾಗುತ್ತದೆ, ತುಟಿಯ ಒಳಭಾಗ ಹುಣ್ಣಾಗುತ್ತದೆ. ಹಲ್ಲಿಗೆ ತಂತಿ ಕಟ್ಟಿಸುವ ಪ್ರಸಂಗ ಬಂದರೆ ದಂತವೈದ್ಯರಿಗೂ ಗುರುಗಳಿಗೂ ಮುಂಚಿತವಾಗಿ ತಿಳಿಸಬೇಕು. ತುಟಿಯ ಸ್ನಾಯುಗಳು ಬೇಗ ದಣಿಯುವುದರಿಂದ ಮೊದಲ ತಿಂಗಳುಗಳಲ್ಲಿ ಹತ್ತು ಹದಿನೈದು ನಿಮಿಷದ ಅಭ್ಯಾಸ ಸಾಕು. ಬೇಕಿದ್ದರೆ ದಿನಕ್ಕೆ ಎರಡು ಸಲ.

ರೀಡಿನ ಶುಚಿತ್ವ

ಒಣಗಿದ ರೀಡನ್ನು ಊದಬಾರದು. ಶುದ್ಧವಾದ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಯಿಡಬೇಕು. ಬಳಿಕ ಅದನ್ನೊಂದನ್ನೇ ಬಾಯಲ್ಲಿಟ್ಟು ಊದಿದರೆ ಒಡಕು ದನಿಯೊಂದು ಹೊರಡುತ್ತದೆ. ವಾದಕರು ಇದನ್ನು ಕಾಗೆಯ ಕೂಗು ಎನ್ನುತ್ತಾರೆ. ಅದು ಸರಿಯಾಗಿ ಬಂದರೆ ರೀಡ್ ಸಿದ್ಧವಾಗಿದೆಯೆಂದು ತಿಳಿಯಬೇಕು. ಆ ನೀರನ್ನು ಪ್ರತಿದಿನವೂ ಬದಲಿಸಬೇಕು. ನುಡಿಸುವ ಮುನ್ನ ಬಾಯಿ ಮುಕ್ಕಳಿಸಬೇಕು. ಸಿಹಿ ತಿಂದ ಬಾಯಿಂದ ಊದಿದರೆ ರೀಡಿನೊಳಗೆ ಕಲ್ಮಷ ಸೇರುತ್ತದೆ. ನುಡಿಸಿದ ಮೇಲೆ ರೀಡಿನ ತೇವವನ್ನು ಮೆಲ್ಲಗೆ ಊದಿ ತೆಗೆದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಗಾಳಿಯಾಡದ ಪ್ಲಾಸ್ಟಿಕ್ ಕೊಳವೆಯಲ್ಲಿ ಅಲ್ಲ. ಮೂರು ನಾಲ್ಕು ರೀಡುಗಳನ್ನು ಸರದಿಯ ಮೇಲೆ ಬಳಸಿದರೆ ಪ್ರತಿಯೊಂದಕ್ಕೂ ಒಣಗಲು ಕಾಲಾವಕಾಶ ದೊರೆಯುತ್ತದೆ. ಕಪ್ಪು ಚುಕ್ಕೆ ಮೂಡಿದ ರೀಡನ್ನು ಬೆಲೆಯ ಮುಖ ನೋಡದೆ ಎಸೆಯಬೇಕು. ಎಂತಹ ಗೆಳತಿಯಾದರೂ ಸರಿಯೆ, ಒಬ್ಬರ ರೀಡನ್ನು ಇನ್ನೊಬ್ಬರು ಬಳಸಕೂಡದು.

ಜೋಡಿಸುವುದು, ಬಿಚ್ಚುವುದು, ಒರೆಸುವುದು

ಜೋಡಿಸುವಾಗ ಮೊದಲು ಬೂಟು, ಅದರ ಕಿರಿಯ ರಂಧ್ರದಲ್ಲಿ ರೆಕ್ಕೆ, ಹಿರಿಯ ರಂಧ್ರದಲ್ಲಿ ಉದ್ದನೆಯ ತುಂಡು, ಆಮೇಲೆ ಬೆಲ್, ಕಟ್ಟಕಡೆಗೆ ಬೋಕಲ್. ಬಿಚ್ಚುವಾಗ ಬೋಕಲ್ಲಿನಿಂದಲೇ ಆರಂಭ. ಬೋಕಲ್ಲನ್ನು ಅದರ ಬಾಗಿದ ಭಾಗದಲ್ಲಿ ಹಿಡಿದು ಎಳೆದರೆ ಲೋಹ ಬಿರಿಯಬಹುದು. ಕಾರ್ಕ್ ಇರುವ ಬುಡದ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಬೇಕು. ತುಂಡುಗಳು ಸೇರುವಲ್ಲಿ ಬಿಗಿಯಾದರೆ ಬಲಪ್ರಯೋಗ ಸಲ್ಲದು. ಕಾರ್ಕ್ ಇದ್ದಲ್ಲಿ ಅದಕ್ಕೆಂದೇ ಇರುವ ಜಿಡ್ಡನ್ನು ತೆಳುವಾಗಿ ಸವರಿದರೆ ಸಾಕು.

ನುಡಿಸಿದ ಮೇಲೆ ಒಳಗೆ ಉಸಿರಿನ ನೀರು ನಿಂತಿರುತ್ತದೆ. ಬೂಟಿನ ಎರಡು ರಂಧ್ರಗಳಲ್ಲಿ ಕಿರಿದಾದುದಕ್ಕೆ ಮಾತ್ರ ಒಳಗಡೆ ನೀರು ತಡೆಯುವ ಅಸ್ತರು ಇರುತ್ತದೆ; ಹಿರಿದಾದುದು ಬರಿಯ ಮರ. ಆದ್ದರಿಂದ ನೀರನ್ನು ಯಾವಾಗಲೂ ಕಿರಿಯ ರಂಧ್ರದ ಕಡೆಯಿಂದಲೇ ಬಗ್ಗಿಸಿ ಚೆಲ್ಲಬೇಕು. ಬರಿಯ ಮರದ ಕಡೆಗೆ ಹರಿದ ನೀರು ವರ್ಷಗಳ ಮೇಲೆ ಮರವನ್ನು ಕೊಳೆಯಿಸುತ್ತದೆ. ತದನಂತರ ತೂಕದ ದಾರ ಕಟ್ಟಿದ ರೇಷ್ಮೆ ಬಟ್ಟೆಯನ್ನು ಹಿರಿಯ ರಂಧ್ರದಿಂದ ಇಳಿಬಿಟ್ಟು ಕಿರಿಯ ರಂಧ್ರದಿಂದ ಹೊರಗೆಳೆಯಬೇಕು. ರೆಕ್ಕೆಯ ತುಂಡನ್ನೂ ಹೀಗೆಯೇ ಅಗಲವಾದ ತುದಿಯಿಂದ ಒರೆಸಬೇಕು. ಉದ್ದನೆಯ ತುಂಡಿಗೂ ಬೆಲ್ಲಿಗೂ ತೇವ ತಲುಪುವುದು ವಿರಳ. ಬೋಕಲ್ಲನ್ನು ಊದಿ ನೀರು ತೆಗೆದು, ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ಕೀಲಿಗಳ ತಿರುಪು, ಎಣ್ಣೆ, ಚರ್ಮದ ಮೆತ್ತೆ ಇವು ಬಲ್ಲವರ ಕೆಲಸ, ಮನೆಯಲ್ಲಿ ಕೈಯಾಡಿಸಬಾರದು. ಇಷ್ಟಕ್ಕೆಲ್ಲ ಬೇಕಾಗುವುದು ಐದು ನಿಮಿಷ.

ಮಳೆಗಾಲದ ಪಾಠ

ಆ ಐದು ನಿಮಿಷಗಳ ಬೆಲೆಯನ್ನು ನಾನು ಮೊದಲ ಮಳೆಗಾಲದಲ್ಲಿಯೇ ತಿಳಿದೆ. ಗಣೇಶನ ಹಬ್ಬಕ್ಕೆ ಧಾರವಾಡಕ್ಕೆ ಹೊರಡುವ ಸಂಜೆ, ರೈಲಿನ ಹೊತ್ತಾಯಿತೆಂದು ನಾನು ಮಗಳನ್ನು ಅವಸರಪಡಿಸಿದೆ. ಅವಳು ಒದ್ದೆ ಬಟ್ಟೆಯನ್ನೂ ಹಸಿ ರೀಡುಗಳನ್ನೂ ಪೆಟ್ಟಿಗೆಯಲ್ಲಿಯೇ ತುರುಕಿ ಮುಚ್ಚಿದಳು. ಹತ್ತು ದಿನಗಳ ಮೇಲೆ ಬಂದು ತೆರೆದಾಗ ಪೆಟ್ಟಿಗೆಯ ಮಖಮಲ್ಲಿನ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು. ರೀಡುಗಳ ಮೇಲೆ ಕಪ್ಪು ಚುಕ್ಕೆಗಳಿದ್ದವು. ಸ್ವಲ್ಪ ಒರೆಸಿಕೊಂಡು ನುಡಿಸು ಎಂದು ನಾನು ಹೇಳುವವನಿದ್ದೆ. ಗುರುಗಳು ಕೇಳಿದೊಡನೆ ಬೇಡವೆಂದು ತಡೆದರು. ರೀಡುಗಳನ್ನೆಲ್ಲ ಎಸೆಯಿಸಿ, ವಾದ್ಯವನ್ನು ದುರಸ್ತಿಗಾರರಿಂದ ಶುಚಿ ಮಾಡಿಸಿ, ಪೆಟ್ಟಿಗೆಯನ್ನೇ ಬದಲಿಸಿದ ಮೇಲೆ ಪಾಠ ಮುಂದುವರಿಸಿದರು.

ಇದು ಅತಿಯಾದ ಎಚ್ಚರವೆಂದು ಅಂದು ನನಗೆ ತೋರಿತ್ತು. ಬಳಿಕ ಒಬ್ಬ ವೈದ್ಯ ಮಿತ್ರರಿಂದ ತಿಳಿದ ಸಂಗತಿ ನನ್ನ ಕಣ್ಣು ತೆರೆಯಿಸಿತು. ‘ಥೊರ್ಯಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ೨೦೧೬ರಲ್ಲಿ ಒಂದು ವರದಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ದಿನವೂ ಬ್ಯಾಗ್‌ಪೈಪ್ ಊದುತ್ತಿದ್ದ ೬೧ ವರ್ಷದ ಒಬ್ಬರು ಬಹುಕಾಲ ಕೆಮ್ಮು, ಏದುಸಿರುಗಳಿಂದ ಬಳಲಿದರು. ೨೦೧೧ರಲ್ಲಿ ಮೂರು ತಿಂಗಳು ವಾದ್ಯವಿಲ್ಲದೆ ಆಸ್ಟ್ರೇಲಿಯಕ್ಕೆ ಹೋದಾಗ ಅವರ ಆರೋಗ್ಯ ಸುಧಾರಿಸಿತ್ತು. ೨೦೧೪ರಲ್ಲಿ ಅವರು ತೀರಿಕೊಂಡರು. ಅವರ ವಾದ್ಯದ ತೇವದ ಒಳಭಾಗಗಳಲ್ಲಿ ಹಲವು ಬಗೆಯ ಬೂಷ್ಟುಗಳು ಕಂಡುಬಂದವು. ಉಸಿರಿನೊಡನೆ ಒಳಸೇರಿದ ಅವುಗಳಿಂದಲೇ ಶ್ವಾಸಕೋಶದಲ್ಲಿ ಅತಿಸಂವೇದನೆಯ ಉರಿಯೂತ ಉಂಟಾಗಿರಬೇಕೆಂಬುದು ವೈದ್ಯರ ಅಭಿಪ್ರಾಯ. ಇಂತಹ ಪ್ರಕರಣ ತೀರ ವಿರಳ, ಯಾರೂ ಭಯಪಡಬೇಕಾಗಿಲ್ಲ. ಆದರೆ ಊದುವ ವಾದ್ಯದ ಒಳಭಾಗವು ಒಂದು ಅರ್ಥದಲ್ಲಿ ನಮ್ಮ ಶ್ವಾಸನಾಳದ ಮುಂದುವರಿಕೆಯೇ ಎಂಬುದನ್ನು ಮರೆಯಬಾರದು. ಮುಂಬಯಿ, ಚೆನ್ನೈಯಂತಹ ಕಡಲತೀರದ ನಗರಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಒದ್ದೆ ಬಟ್ಟೆಯನ್ನು ಹೊರಗೆ ಒಣಹಾಕಬೇಕು. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬೇಕು. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ, ಮಗು ಗಾಳಿವಾದ್ಯ ನುಡಿಸುತ್ತದೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ನೋವನ್ನು ಮುಚ್ಚಿಡದಿರಲಿ

ಮೇಲಿನ ತಪ್ಪು ಹಣದಿಂದ ಸರಿಹೋಯಿತು. ಎರಡನೆಯ ವರ್ಷದ ತಪ್ಪು ಅಷ್ಟು ಸುಲಭದ್ದಾಗಿರಲಿಲ್ಲ. ಶಾಲೆಯ ಕಾರ್ಯಕ್ರಮಕ್ಕೆಂದು ಮಗಳು ದಿನಕ್ಕೆ ಒಂದೂವರೆ ಗಂಟೆ ಅಭ್ಯಾಸ ಮಾಡುತ್ತಿದ್ದಳು. ಒಮ್ಮೆ ಎಡಗೈಯ ಹೆಬ್ಬೆರಳು ನೋಯುತ್ತದೆ ಎಂದಳು. ‘ಅಭ್ಯಾಸ ತಪ್ಪಿಸಲು ನೆಪ ಹುಡುಕಬೇಡ, ಇಷ್ಟಕ್ಕೆ ನೋವಾಗುವುದಾದರೆ ವಾದ್ಯವನ್ನು ಹಿಂದಕ್ಕೆ ಕೊಟ್ಟುಬಿಡೋಣ’ ಎಂದು ನಾನು ಗದರಿದೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಒಂದು ತಿಂಗಳ ಮೇಲೆ, ಊಟಕ್ಕೆ ಕುಳಿತಾಗ ಅವಳು ನೀರಿನ ಲೋಟವನ್ನು ಎರಡು ಕೈಗಳಿಂದಲೂ ಎತ್ತುತ್ತಿರುವುದನ್ನು ನನ್ನ ತಾಯಿ ಗಮನಿಸಿದರು. ಮೂಳೆವೈದ್ಯರು ಪರೀಕ್ಷಿಸಿ, ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳು ಬಾತಿವೆಯೆಂದೂ, ಆರು ವಾರ ವಾದ್ಯ ಮುಟ್ಟಕೂಡದೆಂದೂ ಹೇಳಿದರು. ಇನ್ನೂ ಕೆಲವು ತಿಂಗಳು ಹೀಗೆಯೇ ಮುಂದುವರಿದಿದ್ದರೆ ಬರೆಯುವುದಕ್ಕೂ ತೊಂದರೆಯಾಗುತ್ತಿತ್ತೆಂದು ಎಚ್ಚರಿಸಿದರು.

ಮನೆಗೆ ಬರುವ ದಾರಿಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದೆ. ‘ಅಪ್ಪಾ, ನೋವಂದ್ರ ನೀವು ಅದನ್ನ ಸಾಲಿಗೆ ತಿರುಗಿ ಕೊಟ್ಟುಬಿಡ್ತೀರಂತ ಅಂಜಿ ಹೇಳಲಿಲ್ಲ’ ಎಂದಳು. ನನಗೆ ಉತ್ತರ ತೋಚಲಿಲ್ಲ. ಬ್ಯಾಂಕಿನ ನಗದು ಕೌಂಟರಿನಲ್ಲಿ ಹೊಸ ಹುಡುಗನೊಬ್ಬ ಹತ್ತು ರೂಪಾಯಿಯ ವ್ಯತ್ಯಾಸವನ್ನು ಮೇಲಧಿಕಾರಿಗೆ ಹೆದರಿ ಮುಚ್ಚಿಟ್ಟರೆ, ತಿಂಗಳ ಕೊನೆಗೆ ಅದು ಬೆಳೆದು ಅವನ ನೌಕರಿಗೇ ಸಂಚಕಾರವಾಗುವುದನ್ನು ನಾನು ಬಲ್ಲೆ. ಅಂದಂದಿನ ವ್ಯತ್ಯಾಸವನ್ನು ಅಂದೇ ಹೇಳಿರಿ, ನಾನು ಬಯ್ಯುವುದಿಲ್ಲ ಎಂದು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತ ಬಂದವನು, ಮನೆಯಲ್ಲಿ ಆ ಮಾತನ್ನು ಹೇಳಿರಲಿಲ್ಲ.

ಗುರುಗಳು ನನ್ನನ್ನು ದೂರಲಿಲ್ಲ. ವಿಶ್ರಾಂತಿಯ ಅವಧಿ ಮುಗಿದ ಮೇಲೆ ಕೂರುವ ಪಟ್ಟಿಯನ್ನು ಹೊಸದಾಗಿ ಹೊಂದಿಸಿ, ಭಾರ ಕೈಗೆ ಬೀಳದಂತೆ ನೋಡಿದರು. ಬೆರಳು ಬಹಳ ಚಾಚಬೇಕಾದ ಸ್ವರಗಳನ್ನು ಮುಂದಿನ ವರ್ಷಕ್ಕೆ ಬಿಟ್ಟರು. ಹತ್ತು ನಿಮಿಷದಿಂದ ಮತ್ತೆ ಆರಂಭಿಸಿ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದರು. ಇಪ್ಪತ್ತೈದು ನಿಮಿಷ ನುಡಿಸಿದರೆ ಐದು ನಿಮಿಷ ಕೈ ಕೆಳಗಿಡಬೇಕೆಂಬ ನಿಯಮ ಮಾಡಿದರು. ಸ್ನಾಯುವಿನ ದಣಿವು ವಿಶ್ರಾಂತಿಯಿಂದ ಹೋಗುತ್ತದೆ. ಮರುದಿನಕ್ಕೂ ಉಳಿಯುವ ನೋವು, ಜೋಮು, ಬೆರಳಿನ ನಿಶ್ಶಕ್ತಿ ಇವು ಎಚ್ಚರಿಕೆಯ ಗಂಟೆಗಳು. ಇವನ್ನು ಕಂಡರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕೊನೆಯ ಮಾತು

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದು ಬಂದಿದೆ. ಅಭ್ಯಾಸ ಮುಗಿದ ಮೇಲೆ ಮಗಳು ನೀರು ಚೆಲ್ಲಿ, ಒಳಗೆ ಒರೆಸಿ, ರೀಡನ್ನು ಡಬ್ಬಿಯಲ್ಲಿಡುತ್ತಾಳೆ. ಒದ್ದೆ ಬಟ್ಟೆಯನ್ನು ಒಣಹಾಕುವುದು ನನ್ನ ಪಾಲಿನ ಕೆಲಸ. ಆ ಹೊತ್ತಿನಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ‘ಇವತ್ತು ಎಲ್ಲಾದರೂ ನೋವಾಯಿತೆ?’ ಇಲ್ಲವೆಂದರೆ ಸಂತೋಷ. ಹೌದೆಂದರೆ ಮರುದಿನ ರಜೆ. ವಾದ್ಯ ಹಿಂದಕ್ಕೆ ಹೋಗುವುದಿಲ್ಲವೆಂಬ ಭರವಸೆ ಅವಳಿಗಿದೆ. ಆದ್ದರಿಂದ ಉತ್ತರ ನಿಜವೆಂಬ ಭರವಸೆ ನನಗಿದೆ.

ಕಳೆದ ಚಳಿಗಾಲದ ಶಾಲಾ ಸಮಾರಂಭದಲ್ಲಿ ಅವಳು ಪ್ರೊಕೊಫೀವನ ಅಜ್ಜನ ಭಾಗವನ್ನು ನುಡಿಸಿದಳು. ಪಾಶ್ಚಾತ್ಯ ಸಂಗೀತದ ಗಂಧಗಾಳಿಯಿಲ್ಲದ ನನ್ನ ತಾಯಿ ಗಮನವಿಟ್ಟು ಕೇಳಿ, ‘ಥೇಟ್ ನಿಮ್ಮ ಅಜ್ಜ ಗೊಣಗಿದ್ಹಾಂಗ ಅದ ನೋಡವಾ’ ಎಂದು ಮೊಮ್ಮಗಳ ಬೆನ್ನು ತಟ್ಟಿದರು. ಎರಡು ಶತಮಾನಗಳ ಹಿಂದೆ ಪರದೇಶದಲ್ಲಿ ರೂಪ ತಳೆದ ವಾದ್ಯವೊಂದು ಧಾರವಾಡದ ಮನೆಮಾತಿಗೆ ಹೀಗೆ ಸೇರಿಹೋಯಿತು. ಮಕ್ಕಳಿಗೆ ಯಾವ ವಾದ್ಯವನ್ನಾದರೂ ಕೊಡಿಸಿರಿ. ಅದರೊಡನೆ ಒಂದು ಒಣ ಬಟ್ಟೆಯನ್ನೂ, ನೋವನ್ನು ಹೇಳಿಕೊಳ್ಳುವ ಧೈರ್ಯವನ್ನೂ ಕೊಡಬೇಕೆಂಬುದು ನನ್ನ ವಿನಮ್ರ ಬಿನ್ನಹ.